ಫರಸಿ ಚಕ್ಕೆಯ ಮೇಲೆ ಮೀಸೆ ಮೀನು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೂ ತಾಂಡೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೆಸರು ಉಮಾಕಾಂತ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ನೀಲಿ ಬಂಡೆ, ಹಳದಿ ಬಂಡೆ ಕೊಯ್ಯುವುದು, ಪಾಲಿಶ್ ಮಾಡುವುದು, ಲಾರಿಗೆ ಏರಿಸುವುದು, ಇದೇ ಅಪ್ಪನ ಕಾಲದಿಂದ ಬಂದ ಕೆಲಸ. ಈ ಸೀಮೆಯ ಯಾವ ಮನೆಗೆ ಹೋಗಿ ಚಪ್ಪಲಿ ಬಿಟ್ಟರೂ ಕಾಲಿಗೆ ತಾಗುವುದು ನಮ್ಮೂರಿನ ಕಲ್ಲೇ. ಆ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕೂ ಇದೆ.

ಇಂಥ ನಾನು ಈ ವರ್ಷ ಎರಡು ಇಂಚಿನ ಮೀನಿನ ಮುಂದೆ ಸೋತೆ. ಸೋತವನು ನಾನು, ಹೆಸರು ಕೆಡಿಸಿಕೊಂಡವನು ಮಾತ್ರ ಜಹೀರಾಬಾದಿನ ಮೀನಿನಂಗಡಿಯ ಅಂಬರೀಶ. ಅವನಾಗಿ ಕೆಡಿಸಿಕೊಳ್ಳಲಿಲ್ಲ, ನಾನು ಕೆಡಿಸಿದೆ.

ಹೊಸ ಮನೆ ಕಟ್ಟಿಸಿದಾಗ ನಡುಮನೆಯ ಒಂದು ಗೋಡೆಗೆ ಆರಡಿ ಉದ್ದದ ಅಕ್ವೇರಿಯಂ ಕೂರಿಸಿದೆ. ಹೈವೇಯ ಮೇಲಿನ ಒಂದು ಹೋಟೆಲಿನಲ್ಲಿ ಅಂಥದ್ದನ್ನು ನೋಡಿದ್ದೆ. ಅದರಲ್ಲಿ ಮೀಸೆಯಿರುವ ಮೀನುಗಳು ತಳಕ್ಕೆ ಮೂತಿ ಹಚ್ಚಿ, ಕನ್ನಡಕ ಕಳೆದುಕೊಂಡ ಮುದುಕರ ಹಾಗೆ ತಡಕಾಡುತ್ತಾ ಓಡಾಡುತ್ತಿದ್ದವು. ತಟ್ಟೆಯಲ್ಲಿ ರೊಟ್ಟಿ ಆರಿ ಹಪ್ಪಳವಾದರೂ ನನಗೆ ಕಣ್ಣು ತೆಗೆಯಲು ಆಗಲಿಲ್ಲ. ಬಂಗಾರದ ಬಣ್ಣದ ಮೀನು ಎಲ್ಲರ ಮನೆಯಲ್ಲೂ ಇರುತ್ತದೆ, ನಮ್ಮ ಮನೆಗೆ ಮೀಸೆ ಮೀನೇ ಆಗಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ನನ್ನ ಹೆಂಡತಿ ಪ್ರೇಮಲಾ ನಾರಾಯಣಖೇಡದವಳು. ಮಾತು ಕಡಿಮೆ, ಕರಾರು ಜಾಸ್ತಿ. "ಮನ್ಯಾಗ ದಿನಾ ಲಿಂಗಪೂಜಿ ನಡೀತದ. ಒಂದು ಮೀನು ಇನ್ನೊಂದನ್ನ ತಿನ್ನೋದು ನನ್ನ ಕಣ್ಣಿಗಿ ಬೀಳಬಾರದು," ಅಂದಳು. "ಬೆಳದು ಬೆಳದು ಗ್ಲಾಸಿನಾಗ ಹಿಡಿಸಲಾರದಂಗ ಆಗಬಾರದು. ಮತ್ತ ಸತ್ತರ ನಾ ಎತ್ತಾಂಗಿಲ್ಲ." ಮೂರಕ್ಕೂ ಒಪ್ಪಿದೆ.

ತೊಟ್ಟಿಯ ತಳಕ್ಕೆ ಏನು ಹಾಕಬೇಕು ಎಂಬುದನ್ನು ಮಾತ್ರ ಯಾರನ್ನೂ ಕೇಳಲಿಲ್ಲ. ಕಲ್ಲಿನವನ ಮನೆಯಲ್ಲಿ ಅದನ್ನು ಕೇಳುವುದೇನಿದೆ? ನಮ್ಮ ಯೂನಿಟ್ಟಿನಲ್ಲಿ ಬಂಡೆ ಕೊಯ್ದಾಗ ಉದುರುವ ಚಕ್ಕೆಗಳಲ್ಲಿ ನೀಲಿ ಬೇರೆ, ಹಳದಿ ಬೇರೆ ಮಾಡಿಸಿ, ಏಳು ನೀರಿನಲ್ಲಿ ತೊಳೆಸಿ, ಮೂರು ಬೆರಳಿನಷ್ಟು ದಪ್ಪಕ್ಕೆ ಹಾಸಿದೆ. ದೀಪ ಹಾಕಿದರೆ ತಳ ಮಿಣಮಿಣ ಎನ್ನುತ್ತಿತ್ತು. ಬಂದ ಬೀಗರು ನೆಂಟರೆಲ್ಲ ಮೀನು ಬರುವ ಮೊದಲೇ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಆಮೇಲೆ ಮೀನು ಆರಿಸಲು ಜಹೀರಾಬಾದಿಗೆ ಹೋದೆ. ಅಂಬರೀಶನ ಅಂಗಡಿ ಬಸ್‌ಸ್ಟ್ಯಾಂಡಿನಿಂದ ಎರಡನೇ ಓಣಿ. ಅವನು ಸಿರ್ಗಾಪುರದ ಕಡೆಯ ಕುರುಬರ ಮನೆಯವನು, ಮೂವತ್ತೈದರ ಆಸುಪಾಸು. ತಂದೆ ಧರ್ಮಣ್ಣ ಈಗಲೂ ಊರಲ್ಲಿ ಕುರಿ ಸಾಕುತ್ತಾರೆ. ಕುರಿ ಬಿಟ್ಟು ಮೀನು ಕಾಯಲು ಹೋದವನು ಎಂದು ಊರವರು ಅವನನ್ನು ಆಡಿಕೊಳ್ಳುತ್ತಿದ್ದರಂತೆ. ಆದರೆ ಅಂಗಡಿ ಚೊಕ್ಕಟವಾಗಿತ್ತು. ಸಾಲಾಗಿಟ್ಟ ಗಾಜಿನ ತೊಟ್ಟಿಗಳಿಗೆ ಅವನು ಗ್ಲಾಸು ಅನ್ನುತ್ತಿದ್ದ, ಒಂದು ಗ್ಲಾಸಿನಲ್ಲೂ ಸತ್ತ ಮೀನು ತೇಲುತ್ತಿರಲಿಲ್ಲ.

ದೊಡ್ಡ ತೊಟ್ಟಿಗೆ ದೊಡ್ಡ ಮೀನೇ ಒಪ್ಪುತ್ತದೆ ಎಂಬ ಲೆಕ್ಕದಲ್ಲಿ ನಾನು ಬೆಳ್ಳಿ ಮೈಯ ಒಂದಕ್ಕೆ ಬೊಟ್ಟು ಮಾಡಿದೆ.

"ಅದು ಪಂಗಾಸ್ ಮೀನ್ರಿ," ಅಂದ ಅಂಬರೀಶ. "ಈಗ ಗೇಣಿನಷ್ಟದ. ಮುಂದ ಅದಕ್ಕ ಕೆರಿ ಬೇಕಾಗ್ತದ. ಅಂಜಿದ್ರ ಗ್ಲಾಸಿಗಿ ತಲಿ ಹೊಡಕೋತದ."

ಕೆಂಪು ಬಾಲದ ಇನ್ನೊಂದನ್ನು ತೋರಿಸಿದೆ.

"ಅದರ ಬಾಯಾಗ ಹಿಡಿಸಿದ್ದೆಲ್ಲಾ ಅದರ ಊಟಾರಿ. ನಿಮ್ಮ ಆರು ಅಡಿ ಅದಕ್ಕ ತೊಟ್ಟಿಲಿದ್ದಂಗ."

ಗ್ಲಾಸಿಗೆ ಬಾಯಿ ಕಚ್ಚಿಕೊಂಡು ಕೂತ ಕರಿ ಸಕ್ಕರ್ ಮೀನನ್ನು ಕೇಳಿದೆ. ಅದಕ್ಕೂ ಅವನ ಬಳಿ ಉತ್ತರ ತಯಾರಿತ್ತು. "ಪಾಪದ್ದೇ, ಪಾಚಿ ತಿಂತದ. ಆದ್ರ ಮೊಳದುದ್ದ ಆಗ್ತದ. ಹೊಲಸೂ ಅಷ್ಟೇ ಮಾಡ್ತದ."

ನನಗೆ ರೇಗಿತು. "ನೀ ಮಾರಾಕ ಕುಂತೀಯೋ, ಬ್ಯಾಡ ಅನ್ನಾಕ ಕುಂತೀಯೋ?"

ಅವನು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕೆಳಗಿನ ಸಾಲಿನ ಒಂದು ಗ್ಲಾಸಿನ ಹತ್ತಿರ ಕರೆದೊಯ್ದ. ಎರಡೆರಡು ಇಂಚಿನ, ದುಂಡು ಹೊಟ್ಟೆಯ, ಪುಟ್ಟ ಮೀಸೆಯ ಮೀನುಗಳು ಅಲ್ಲಿ ಗುಂಪಾಗಿ ತಳ ಕೆದರುತ್ತಿದ್ದವು. ಹೋಟೆಲಿನಲ್ಲಿ ನನ್ನನ್ನು ಹಿಡಿದು ಕೂರಿಸಿದ ಮುದುಕರು ಇವೇ. ಇವಕ್ಕೆ ಕೋರಿ ಅನ್ನುತ್ತಾರಂತೆ.

"ನಿಮಗ ಇವು ಬರೋಬ್ಬರಿ," ಅಂದ. "ಯಾರ ತಂಟೆಗೂ ಹೋಗಾಂಗಿಲ್ಲ. ಇದಕ್ಕಿಂತ ದೊಡ್ಡವ ಆಗಾಂಗಿಲ್ಲ. ಹತ್ತು ಕೂಡಿಸಿ ಇಡ್ರಿ, ಒಂಟಿ ಇದ್ರ ಮೂಲಿ ಹಿಡೀತಾವ, ನಮ್ಮ ಕುರಿ ಇದ್ದಂಗ." ಮೀನು ಹಿಡಿಯುವ ಜಾಳಿಗೆ ಕೈಗೆ ತೆಗೆದುಕೊಂಡು ಕೇಳಿದ, "ತಳಕ್ಕ ಏನ ಹಾಕೀರಿ?"

"ಕಲ್ಲು."

"ಕಲ್ಲ ಬ್ಯಾಡ್ರಿ, ಸಣ್ಣ ಮರಳ ಹಾಕ್ರಿ. ಈ ಮೀನಾ..."

"ತಮ್ಮಾ," ಅಂದೆ, "ನೀ ಹುಟ್ಟೋಕಿಂತ ಮೊದಲ ನಾ ಕಲ್ಲಿನಾಗ ಅದೀನಿ. ನನಗ ಕಲ್ಲಿನ ಪಾಠ ಬ್ಯಾಡ."

ಅವನು ಹತ್ತು ಕೋರಿ ಹಿಡಿದು ಚೀಲಕ್ಕೆ ಹಾಕಿಕೊಟ್ಟ. ಮರಳು ಅಂದರೆ ಕಲ್ಲಿನ ಅಡಿಗೆ ಹಾಕುವ ವಸ್ತು. ಅದನ್ನು ಮೇಲೆ ಹಾಸಿ ಬೀಗರಿಗೆ ತೋರಿಸುವವನು ನಾನಲ್ಲ.

ಮೊದಲ ವಾರ ಮನೆಯಲ್ಲಿ ಹಬ್ಬ. ಮೀನುಗಳು ಇಡೀ ದಿನ ಚಕ್ಕೆಗಳ ಸಂದಿಯಲ್ಲಿ ಮೂತಿ ತೂರಿಸಿ, ನಾವು ಹಾಕಿದ ತಿನಿಸಿನ ಕಾಳು ಹುಡುಕುತ್ತಿದ್ದವು. ಎರಡನೇ ವಾರ ಪ್ರೇಮಲಾ ಗ್ಲಾಸಿನ ಮುಂದೆ ಬಗ್ಗಿ ನಿಂತು, "ಇವುರ ಮೀಸಿ ಗಿಡ್ಡ ಆದಂಗ ಕಾಣಸ್ತದ ನೋಡ್ರಿ," ಅಂದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ನಿಜ. ಮೂರನೇ ವಾರಕ್ಕೆ ಮೀಸೆಯೇ ಇರಲಿಲ್ಲ, ಬಾಯಿಯ ಸುತ್ತ ಕೆಂಪು ಹುಣ್ಣು. ಹಾಕಿದ ಕಾಳು ಮೂತಿಯ ಮುಂದೆ ಬಿದ್ದರೂ ಅವಕ್ಕೆ ತಿಳಿಯುತ್ತಿರಲಿಲ್ಲ. ಒಂದೊಂದಾಗಿ ಎಂಟು ಸತ್ತವು. ಎತ್ತಿ ಹಾಕಿದವನು ನಾನೇ, ಕರಾರಿನ ಪ್ರಕಾರ.

ಸತ್ತ ಎರಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಅಂಬರೀಶನ ಮೇಜಿನ ಮೇಲೆ ಇಟ್ಟೆ. "ಮೀಸಿ ಎಲ್ಲಿ?" ಅಂದೆ.

ಅವನು ಅವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. "ಮರಳ ಹಾಕಿದ್ರೇನ್ರಿ?"

"ಮರಳಿನ ಮಾತ ಬಿಡು. ರೋಗದ ಮೀನ ಕೊಟ್ಟೀದಿ."

"ಒಂದ ಸಲ ನಾನೇ ಬಂದು ತೊಟ್ಟಿ ನೋಡ್ತೀನ್ರಿ."

"ನನ್ನ ಮನಿಗಿ ಬಂದು ತಪ್ಪು ಹುಡಕಾಕ ನೀ ಯಾರು?"

ಗಿರಾಕಿಗಳು ತಿರುಗಿ ನೋಡಿದರು. ಅವನ ಮುಖ ಸಣ್ಣದಾಯಿತು. ಮತ್ತೆ ಹತ್ತು ಮೀನು ಹಿಡಿದ. ಒಂದೊಂದನ್ನೂ ನನ್ನ ಕಣ್ಣ ಮುಂದೆ ಹಿಡಿದು ಮೀಸೆ ತೋರಿಸಿ, ಆಮೇಲೆ ಚೀಲಕ್ಕೆ ಬಿಟ್ಟ. ಆ ಹತ್ತೂ ತಾಂಡೂರಿಗೆ ಬಂದು ಒಂದು ತಿಂಗಳಲ್ಲಿ ಹಾಗೇ ಸತ್ತವು. ಮೊದಲು ಮೀಸೆ, ಆಮೇಲೆ ಹುಣ್ಣು, ಆಮೇಲೆ ಉಪವಾಸ.

ಫೋನ್ ಮಾಡಿ ಬೈದೆ. ಅವನು ಎಲ್ಲ ಕೇಳಿಸಿಕೊಂಡು, "ಸಾಹುಕಾರ್ರ, ಮರಳ..." ಎಂದು ಶುರುಮಾಡುತ್ತಿದ್ದ ಹಾಗೇ ಕಟ್ ಮಾಡಿದೆ. ಮೈಯೆಲ್ಲ ಉರಿಯುತ್ತಿತ್ತು. ನಾರಾಯಣಖೇಡ, ಜಹೀರಾಬಾದ್, ತಾಂಡೂರು ಮೂರೂ ಊರಿನ ವ್ಯಾಪಾರಿಗಳ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ನನ್ನ ಮಾತಿಗೆ ತೂಕವೂ ಇದೆ. ಅಲ್ಲಿ ಮೈಕಿನ ಗುರುತು ಒತ್ತಿ ಹಿಡಿದು ಹೇಳಿದೆ: "ಜಹೀರಾಬಾದಿನ ಅಂಬರೀಶ ರೋಗದ ಮೀನ ಮಾರಾಕತ್ತಾನ. ಮೀಸಿ ಉದುರೂ ರೋಗ. ನನ್ನ ಮನ್ಯಾಗ ಇಪ್ಪತ್ತು ಸತ್ತಾವ. ಯಾರೂ ಹೋಗಬ್ಯಾಡ್ರಿ."

ಇಪ್ಪತ್ತಲ್ಲ, ಆಗಿನ್ನೂ ಹದಿನೆಂಟು. ಸಿಟ್ಟಿನಲ್ಲಿ ಎರಡು ಸೇರಿಸಿದೆ.

ಸಂದೇಶ ಆ ಗುಂಪಿನಿಂದ ಇನ್ನೆಷ್ಟು ಗುಂಪಿಗೆ ಹೋಯಿತೋ ಗೊತ್ತಿಲ್ಲ. ಮೂರನೇ ದಿನ ಕೊಹೀರಿನಿಂದ ಶಿವಶಂಕರಪ್ಪ ಫೋನ್ ಮಾಡಿದರು. ಅವರು ಅಲ್ಲಿ ಹೊಸದಾಗಿ ಫಂಕ್ಷನ್ ಹಾಲ್ ಕಟ್ಟಿಸಿದ್ದಾರೆ, ನೆಲ ಪೂರ್ತಿ ನನ್ನ ಕಲ್ಲು. ಬಾಗಿಲಿನ ಎದುರಿಗೆ ಹತ್ತಡಿಯ ಅಕ್ವೇರಿಯಂ ಮಾಡಿಕೊಡಲು ಅಂಬರೀಶನಿಗೆ ಹೇಳಿದ್ದರಂತೆ, ಅವನು ಎರಡು ತಿಂಗಳಿನಿಂದ ಅದೇ ತಯಾರಿಯಲ್ಲಿದ್ದನಂತೆ. "ಚೊಲೋ ಆತು ನೀವು ಹೇಳಿದ್ದು. ಅವನಿಗಿ ಬ್ಯಾಡ ಅಂದೆ," ಅಂದರು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ, ನಿಜಕ್ಕೂ ಖುಷಿಯಾಯಿತು.

ಊಟಕ್ಕೆ ಕೂತಾಗ ಪ್ರೇಮಲಾಗೆ ಹೇಳಿದೆ. ಅವಳು ರೊಟ್ಟಿ ಬಡಿಸುವುದನ್ನು ನಿಲ್ಲಿಸಿದಳು. "ಅವ ಏನೋ ಹೇಳಾಕ ಬಂದ ಅಂತೀರಿ, ಅದನ್ನ ಪೂರಾ ಕೇಳಿದ್ರೇನು? ಸುಮ್ನ ಅವನ ಅನ್ನಕ್ಕ ಕಲ್ಲ ಹಾಕಿದ್ರಿ," ಅಂದಳು. ಆ ದಿನ ನನಗೆ ಎರಡನೇ ರೊಟ್ಟಿ ಸಿಗಲಿಲ್ಲ.

ಹಠ ಬಿಡುವ ಜಾತಿಯಲ್ಲ ನಾನು. ಹೈದರಾಬಾದಿಗೆ ಹೋದೆ. ಅಲ್ಲಿ ಏಸಿ ಹಾಕಿದ ದೊಡ್ಡ ಅಂಗಡಿ, ಯೂನಿಫಾರ್ಮ್ ಹಾಕಿದ ಕೆಲಸದವರು. ಹನ್ನೆರಡು ಕೋರಿ ತಂದೆ. ಅವರು ನನ್ನನ್ನು ಏನೂ ಕೇಳಲಿಲ್ಲ, ಹಾಗಾಗಿ ಅವರು ಬಹಳ ಒಳ್ಳೆಯವರೆಂದು ಅನಿಸಿತು. ಮೂರನೇ ವಾರ ಆ ಹನ್ನೆರಡರ ಮೀಸೆಯೂ ಹೋಯಿತು.

ಆಗ ನನಗೆ ಬಂದದ್ದು ಬರೇ ಸಿಟ್ಟಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಹಲ್ಲು ಕಡಿಯುವ ಸ್ಥಿತಿ. ಬೈಯೋಣವೆಂದರೆ ಈ ಮೀನು ಅಂಬರೀಶನದಲ್ಲ. ನೀರು ಫಿಲ್ಟರಿನದು, ಕಾಳು ಹೊಸದು, ಯಂತ್ರ ಹೊಸದು. ಸಾಕಾಗಿ ಹೋಯಿತು, ಇದನ್ನು ಪೂರ್ತಿ ಖಾಲಿ ಮಾಡಿ ಷೋಕೇಸ್ ಮಾಡಿಬಿಡುತ್ತೇನೆ ಎಂದು ಯೂನಿಟ್ಟಿನಿಂದ ನಾಮದೇವನನ್ನು ಕರೆಸಿದೆ.

ನಾಮದೇವ ಯಾಲಾಲ್ ಕಡೆಯವನು. ನನ್ನಲ್ಲಿ ಇಪ್ಪತ್ತೆರಡು ವರ್ಷದಿಂದ ಕಲ್ಲಿನ ಅಂಚು ಕೈಯಿಂದ ಮಟ್ಟ ಮಾಡುವ ಕೆಲಸ. ಎರಡು ಬಕೆಟ್ ಹಿಡಿದು ಬಂದವನು ನೀರು ತೆಗೆಯುವ ಮೊದಲು ಗ್ಲಾಸಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಳಗೆ ಮೂರು ಮೀನು ಉಳಿದಿದ್ದವು. ಮೀಸೆಯಿಲ್ಲದ ಮೂತಿಯನ್ನು ಚಕ್ಕೆಗೆ ತಿಕ್ಕುತ್ತಾ ಆಗಲೂ ಹುಡುಕುತ್ತಿದ್ದವು.

"ಸಾಹುಕಾರ್ರ," ಅಂದ, "ಇವುಕ್ಕ ನನ್ನ ಬೊಟ್ಟಿನ ಬ್ಯಾನಿ ಬಂದದ."

"ಏನು?"

ಹತ್ತು ಬೆರಳನ್ನೂ ನನ್ನ ಕಡೆ ಮಾಡಿದ. ತುದಿಗಳು ಹಾಲುಗಲ್ಲದ ಹಾಗೆ ನುಣ್ಣಗಿದ್ದವು, ಒಂದು ಗೆರೆ ಇಲ್ಲ. "ರೇಷನ್ ಅಂಗಡ್ಯಾಗ ಮಷೀನ್ ನನ್ನ ಹೆಬ್ಬಟ್ಟ ತಗೊಳಾಂಗಿಲ್ರಿ. ನಾಕ್ ಸಲ ಒತ್ತಿದ್ರೂ ಇವ ಯಾರೋ ಗೊತ್ತಿಲ್ಲ ಅಂತದ. ಈ ಚಕ್ಕೀನೇ ತಿಂದದ. ನಾ ದಿನಾ ಇದಕ್ಕ ಬೊಟ್ಟ ಹಚ್ತೀನಿ, ಇವು ಮೀಸಿ ಹಚ್ತಾವ." ದೂರಿನ ದನಿಯಲ್ಲಿ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದ.

ನಾನು ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ ಒಂದು ಹಿಡಿ ಚಕ್ಕೆ ಹಿಸುಕಿದೆ. ಪಾಲಿಶ್ ಮಾಡಿದ ಮುಖ ನುಣುಪು, ಒಡೆದ ಅಂಚು ಬ್ಲೇಡು. ಇದು ನನಗೆ ಗೊತ್ತಿಲ್ಲದ್ದಲ್ಲ. ಅಂಚು ಮಟ್ಟ ಮಾಡಿಕೊಡುತ್ತೇವೆ ಎಂದು ಅಂಗಡಿಯ ಮುಂದೆ ಬೋರ್ಡು ಬರೆಸಿದವನೇ ನಾನು. ಆ ಅಂಚನ್ನು ಮಟ್ಟ ಮಾಡುತ್ತಾ ಒಬ್ಬ ಮನುಷ್ಯನ ಬೆರಳು ಸವೆದದ್ದನ್ನು ಇಪ್ಪತ್ತೆರಡು ವರ್ಷ ನೋಡದ ನಾನು, ಮೀನಿನ ಮೀಸೆ ಸವೆದದ್ದಕ್ಕೆ ಮೂರು ಊರು ಒಂದು ಮಾಡಿದ್ದೆ. ನಾಚಿಕೆಯಾಯಿತು. ನಾಚಿಕೆಯಾದಾಗಲೂ ನನಗೆ ಸಿಟ್ಟೇ ಬರುವುದು, ಆದ್ದರಿಂದ ನಾಮದೇವನಿಗೆ ಗದರಿದೆ: "ಇದನ್ನ ಮೊದಲ ಹೇಳಾಕ ಏನಾಗಿತ್ತು?"

"ಮೊದಲ ಕರದಿದ್ದಿಲ್ಲಲ್ರಿ," ಅಂದ ಅವನು, ಬಕೆಟ್ ಎತ್ತಿಕೊಳ್ಳುತ್ತಾ.

ಒಳಬಾಗಿಲಲ್ಲಿ ನಿಂತಿದ್ದ ಪ್ರೇಮಲಾ ಎಲ್ಲ ಕೇಳಿಸಿಕೊಂಡಿದ್ದಳು. "ಈಗ ಗುಂಪಿನಾಗ ಹೇಳ್ರಿ," ಅಂದಳು.

"ಅವನಿಗೇ ಹೋಗಿ ಹೇಳ್ತೀನಿ," ಅಂದೆ. ಒಬ್ಬನ ಮುಂದೆ ತಲೆ ತಗ್ಗಿಸುವುದು ಬೇರೆ, ಮೂರು ಊರಿನ ಮುಂದೆ ಬೇರೆ. ಅದರ ಮೇಲೆ, ತಾಂಡೂರು ಕಲ್ಲು ಮೀನು ಕೊಂದಿತು ಎಂದು ಕಲ್ಲಿನ ವ್ಯಾಪಾರಿಯೇ ಹೇಳಿದರೆ ಜನ ಬಿಡುತ್ತಾರೆಯೇ?

ಜಹೀರಾಬಾದಿಗೆ ಹೋದಾಗ ಅಂಬರೀಶನ ಅಂಗಡಿಯಲ್ಲಿ ಅರ್ಧಕ್ಕರ್ಧ ಗ್ಲಾಸುಗಳು ಖಾಲಿ ಇದ್ದವು, ತೊಳೆದು ಒಣಗಿಸಿದ್ದವು. ಗಿರಾಕಿ ಒಬ್ಬರೂ ಇರಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ತಪ್ಪು ನನ್ನದು, ಚಕ್ಕೆಯದು, ನೀನು ಹೇಳಲು ಬಂದದ್ದು ಇದೇ ಅಲ್ಲವೇ ಅಂದೆ.

"ಹೌದ್ರಿ," ಅಂದ. "ಈ ಮೀನಾ ಮೀಸಿಲೇ ಊಟ ಹುಡುಕ್ತದ. ಮರಳ ಇದ್ರ ಮೀಸಿ ಉಳೀತದ. ಇದು ನನಗ ಗೊತ್ತದ. ಗೊತ್ತಿಲ್ಲದವರಿಗಿ ಹೇಳ್ರಿ."

ಅವನೆದುರೇ ಫೋನ್ ತೆಗೆದು ಗುಂಪಿಗೆಂದು ಮಾತು ರೆಕಾರ್ಡ್ ಮಾಡಿದೆ. "ಅಂಬರೀಶನ ಮೀನಿನಾಗ ಏನೂ ರೋಗ ಇದ್ದಿಲ್ಲ. ನಮ್ಮ ಮನಿ ನೀರಿನಾಗ ಏನೋ ಫರಕ ಇತ್ತು."

ಕಳಿಸುವ ಮೊದಲು ಅವನ ಮುಖ ನೋಡಿದೆ. ಅವನು ಜಗಳಕ್ಕೆ ಬರಲಿಲ್ಲ. "ನೀರು ಅಂದ್ರಿ," ಅಂದ, ಅಷ್ಟೇ. ಒಂದು ಗ್ಲಾಸಿನ ಒಳಗೆ ಕೈ ಹಾಕಿ ಪಾಚಿ ಒರೆಸತೊಡಗಿದ.

ಸ್ಟೂಲಿನ ಮೇಲೆ ಕೂತೆ. ಎದ್ದು ಹೋಗಿಬಿಡಬಹುದಿತ್ತು. ಕೊನೆಗೆ ಅದನ್ನು ಅಳಿಸಿ ಮತ್ತೆ ಮೈಕಿನ ಗುರುತು ಒತ್ತಿದೆ. ನನ್ನ ಹೆಸರು ಹೇಳಿದೆ. ಮೀನು ಸತ್ತದ್ದು ನನ್ನ ಯೂನಿಟ್ಟಿನ ಕಲ್ಲಿನ ಚಕ್ಕೆಯಿಂದ, ಅಂಬರೀಶ ಮೊದಲ ದಿನವೇ ಮರಳು ಹಾಕಿರಿ ಅಂದಿದ್ದ, ನಾನು ಕೇಳಲಿಲ್ಲ, ಅವನ ಬಗ್ಗೆ ಆಡಿದ್ದು ಸುಳ್ಳು ಅಂದೆ. ಕಳಿಸಿದೆ. ಎರಡು ನಿಮಿಷದಲ್ಲಿ ಯಾರೋ, ನಮ್ಮ ಅಡುಗೆಮನೆಯ ಫರಸಿ ಏನು ಮಾಡೋಣ ಎಂದು ಕೇಳಿ ಹಲ್ಲು ಕಿರಿಯುವ ಐದು ಮುಖ ಹಾಕಿದರು. ಓದಿ ಕಿವಿ ಬಿಸಿಯಾಯಿತು. ಫೋನ್ ಜೇಬಿಗೆ ಹಾಕಿದೆ.

"ಕೊಹೀರಿಗೂ ಈಗಲೇ ಹೋಗ್ತೀನಿ," ಅಂದೆ. "ಆ ಹಾಲಿನ ಕೆಲಸ ನಿನಗೇ ಕೊಡಸ್ತೀನಿ. ನಡಿ, ಗಾಡ್ಯಾಗ ಕುಂದ್ರು."

"ನೀವು ಹೋಗ್ರಿ," ಅಂದ. "ನನಗ ಇಲ್ಲಿ ಕೆಲಸದ."

ನನಗೆ ಹತ್ತು ಕೋರಿ ಕೊಡು, ಮರಳು ಹಾಕಿಯೇ ಬಿಡುತ್ತೇನೆ ಅಂದದ್ದಕ್ಕೆ ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇನ್ನೂ ಸಿಟ್ಟಿದೆ, ಎರಡು ದಿನ ಬಿಟ್ಟರೆ ಇಳಿಯುತ್ತದೆ ಅಂದುಕೊಂಡೆ. ನನ್ನ ಸಿಟ್ಟು ಹಾಗೇ ಇಳಿಯುವುದು.

ಕೊಹೀರಿನಲ್ಲಿ ಶಿವಶಂಕರಪ್ಪ ಹಾಲಿನ ಬಾಗಿಲಲ್ಲೇ ಸಿಕ್ಕರು. ಹತ್ತಡಿ ಅಕ್ವೇರಿಯಮ್ಮಿಗೆ ಬಿಟ್ಟ ಜಾಗ ಇನ್ನೂ ಖಾಲಿ ಇತ್ತು, ನನ್ನ ಜೀವಕ್ಕೆ ಸಮಾಧಾನವಾಯಿತು. ನನ್ನದೇ ಕಲ್ಲಿನ ಮೇಲೆ ನಿಂತು, ಕೆಲಸದವರೆಲ್ಲ ಕೇಳುವ ಹಾಗೆ, ನನ್ನ ಕಲ್ಲಿನದೇ ತಪ್ಪು ಎಂದು ಹೇಳಿದೆ. ಆ ಕೆಲಸ ಅಂಬರೀಶನಿಗೇ ಕೊಡಿ, ಅವನಷ್ಟು ತಿಳಿದವನು ಹೈದರಾಬಾದಿನಲ್ಲೂ ಇಲ್ಲ ಅಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಕೊಡಬಹುದಿತ್ತು. ಆದ್ರ ಅವ ಅಂಗಡಿ ಮುಚ್ಚಾಕತ್ತಾನಲ್ಲ? ನಿನ್ನಿ ಬಂದಿದ್ದ. ಸ್ಟ್ಯಾಂಡು, ಗ್ಲಾಸು ಬೇಕಂದ್ರ ತಗೋರಿ ಅಂದ. ಗಿರಾಕಿ ಯಾರೂ ಬರಾಂಗಿಲ್ಲಂತ. ಸೋಮವಾರ ಸಿರ್ಗಾಪುರಕ್ಕ ಹೋಗ್ತಾನಂತ, ಅಪ್ಪನ ಕುರಿ ನೋಡಾಕ. ನಿಮಗ ಹೇಳಲಿಲ್ಲೇನು?"

ಹೊರಗೆ ಬಂದು ಗಾಡಿಗೆ ಒರಗಿ ನಿಂತು ಫೋನ್ ಮಾಡಿದೆ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಅಂಬರೀಶ ಎತ್ತಿದ.

"ಒಂದು ತಾಸು ನಿನ್ನ ಮುಂದ ಕುಂತಿದ್ದೆ," ಅಂದೆ. "ಅಂಗಡಿ ಬಿಡಾಕತ್ತೀನಿ ಅಂತ ಒಂದ ಮಾತ ಯಾಕ ಹೇಳಲಿಲ್ಲ?"

ಆ ಕಡೆ ನೀರು ಸುರಿಯುವ ಸದ್ದು ನಿಂತಿತು.

"ಮರಳ ಹಾಕ್ರಿ ಅಂತ ನಿಮಗ ಮೂರ ಸಲ ಹೇಳಾಕ ಬಂದೀನ್ರಿ," ಅಂದ. "ಒಮ್ಮಿನೂ ಪೂರಾ ಕೇಳಲಿಲ್ಲ. ಇನ್ನ ನಿಮಗ ಏನರೇ ಹೇಳಬೇಕಂತ ನನಗ ಮನಸೇ ಬರಲಿಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಫೋನ್ ಇಟ್ಟಾಗಿತ್ತು.